ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಮತ್ತು ನಮ್ಮ ಸೀಮೆಯ ರಸ್ತೆಗಳು

ಮದಲೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಕಾರು ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣರು ಹಬ್ಬಹರಿದಿನಗಳಿಗೆ ಸ್ವಂತ ವಾಹನದಲ್ಲಿಯೇ ಊರಿಗೆ ಬರುತ್ತಾರೆ. ಅವರಲ್ಲಿ ಕೆಲವರಿಗೆ ಕಾರಖಾನೆಯ ಸ್ಪ್ರಿಂಗುಗಳನ್ನು ತೆಗೆಸಿ, ಕಾರಿನ ಮೈಯನ್ನು ನೆಲಕ್ಕೆ ಸಮೀಪಗೊಳಿಸುವ ಗಿಡ್ಡ ಸ್ಪ್ರಿಂಗುಗಳನ್ನೂ ಬಿಗಿಯಾದ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿಸುವ ಹವ್ಯಾಸವಿದೆ. ಇದರ ಗುಣದೋಷಗಳನ್ನು ಪ್ರೌಢಶಾಲೆಯ ಭೌತಶಾಸ್ತ್ರದ ಆಧಾರದಿಂದಲೇ ವಿವೇಚಿಸುವುದು ಈ ಲೇಖನದ ಉದ್ದೇಶ.

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಹಳ್ಳಕ್ಕೆ ಬಿದ್ದ ಚಕ್ರದ ಪೆಟ್ಟು ನೇರವಾಗಿ ಸವಾರನ ಬೆನ್ನಿಗೆ ತಗಲುತ್ತಿತ್ತು. ಜಟಕಾ ಬಂಡಿಗೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ಬಂದಿತು. ನಮ್ಮ ಹಿರಿಯರು ಬಲ್ಲ ಅಂಬಾಸಡರ್ ಕಾರಿನ ಹಿಂಬದಿಯಲ್ಲಿಯೂ ಇದ್ದುದು ಅಂತಹ ಪಟ್ಟಿ ಸ್ಪ್ರಿಂಗುಗಳೇ. ಇಂದಿನ ಸಣ್ಣ ಕಾರುಗಳ ಮುಂಬದಿಯಲ್ಲಿ ಸಾಮಾನ್ಯವಾಗಿ ಇರುವುದು ಸುರುಳಿ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬದಲ್ಲಿ ಕೂಡಿಸಿದ ಮ್ಯಾಕ್‌ಫರ್ಸನ್ ಜೋಡಣೆ.

ಈ ಎರಡು ಅಂಗಗಳ ಕೆಲಸ ಬೇರೆ ಬೇರೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಪೆಟ್ಟಿನ ಶಕ್ತಿಯನ್ನು ಕೂಡಿಟ್ಟುಕೊಂಡು ಮರಳಿ ಕೊಡುತ್ತದೆ. ಹಾಗೆ ಮರಳಿ ಬಂದ ಶಕ್ತಿಯನ್ನು ತಡೆಯದಿದ್ದರೆ ಕಾರು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರು. ಅದರ ಕೊಳವೆಯೊಳಗಿನ ಎಣ್ಣೆಯು ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಚಲನೆಯ ಶಕ್ತಿಯು ಉಷ್ಣವಾಗಿ ಮಾರ್ಪಡುತ್ತದೆ.

ಹಾಕುವ ಭಾರಕ್ಕೆ ತಕ್ಕಷ್ಟು ಸ್ಪ್ರಿಂಗು ಕುಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಉದಾಹರಣೆಗೆ, ಒಂದು ಸ್ಪ್ರಿಂಗಿನ ಮೇಲೆ 250 ಕಿಲೋಗ್ರಾಂ ಭಾರವಿದ್ದು, ಪ್ರತಿ 2 ಕಿಲೋಗ್ರಾಮಿಗೆ ಅದು 1 ಮಿಲಿಮೀಟರ್ ಕುಗ್ಗುವುದೆಂದು ಎಣಿಸೋಣ. ಆಗ ಒಟ್ಟು ಕುಗ್ಗುವಿಕೆ 125 ಮಿಲಿಮೀಟರ್. ಕಾರಿನ ಮೈ ನಿಮಿಷಕ್ಕೆ ಸುಮಾರು 85 ಸಲ ತೂಗಬಯಸುತ್ತದೆ. ಇದರ ಬದಲು 1 ಮಿಲಿಮೀಟರಿಗೆ 3 ಕಿಲೋಗ್ರಾಂ ಬೇಡುವ ಬಿಗಿ ಸ್ಪ್ರಿಂಗನ್ನು ಹಾಕಿದರೆ ಕುಗ್ಗುವಿಕೆ ಸುಮಾರು 83 ಮಿಲಿಮೀಟರಿಗೆ ಇಳಿದು, ತೂಗಾಟವು ನಿಮಿಷಕ್ಕೆ ಸುಮಾರು 104ಕ್ಕೆ ಏರುತ್ತದೆ. ರಸ್ತೆಯ ಒರಟುತನ ಸವಾರನಿಗೆ ಹೆಚ್ಚು ತಿಳಿಯುವುದು ಇದರಿಂದಲೇ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಸ್ಪ್ರಿಂಗಿನ ಬಿಗಿತ ಒಂದೂವರೆ ಪಟ್ಟಾದರೆ, ತೂಗಾಟವನ್ನು ಮೊದಲಿನಷ್ಟೇ ಚೆನ್ನಾಗಿ ಅಡಗಿಸಲು ಶಾಕ್ ಅಬ್ಸಾರ್ಬರಿನ ತಡೆಯೂ ಸುಮಾರು ನೂರಕ್ಕೆ 22ರಷ್ಟು ಹೆಚ್ಚಬೇಕು. ಆದುದರಿಂದ ಗಿಡ್ಡ ಸ್ಪ್ರಿಂಗನ್ನು ಮಾತ್ರ ಕೊಂಡು, ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಳ್ಳುವುದು ಅರ್ಧ ಕೆಲಸ. ಸುರುಳಿಯ ಒಂದೆರಡು ಸುತ್ತುಗಳನ್ನು ಕತ್ತರಿಸಿಬಿಡುವ ಅಗ್ಗದ ಉಪಾಯವಂತೂ ಅಪಾಯಕಾರಿ. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸಿನ ಉರಿಯಿಂದ ಕತ್ತರಿಸಿದರೆ ಉಕ್ಕಿನ ಹದವೂ ಕೆಡುತ್ತದೆ.

ಕಾರನ್ನು ತಗ್ಗಿಸುವುದರಿಂದ ಲಾಭವೇ ಇಲ್ಲವೆಂದಲ್ಲ. ಗುರುತ್ವಕೇಂದ್ರವು ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದುದು 51ಕ್ಕೆ ಇಳಿದರೆ, ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರ ನೂರಕ್ಕೆ 7ರಷ್ಟು ಕಡಿಮೆಯಾಗುತ್ತದೆ. ಸಿರಾ ಪಟ್ಟಣದ ಮಗ್ಗುಲಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಂತಹ ನುಣುಪಾದ ಹಾದಿಯಲ್ಲಿ ಅಂತಹ ಕಾರು ಸ್ಥಿರವಾಗಿ ಓಡುತ್ತದೆ. ಆದರೆ ಹೆದ್ದಾರಿಯನ್ನು ಬಿಟ್ಟು ಮದಲೂರಿನ ಕಡೆಗಾಗಲಿ, ಮಧುಗಿರಿ, ಪಾವಗಡ, ಕೊರಟಗೆರೆಗಳ ಒಳಹಳ್ಳಿಗಳಿಗಾಗಲಿ ತಿರುಗಿದ ಕೂಡಲೇ ಲೆಕ್ಕವೇ ಬೇರೆಯಾಗುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸು ನಿಗದಿಪಡಿಸಿದ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಇಷ್ಟು ಅಗಲವಾದ ಉಬ್ಬಿನ ಮೇಲೆ ಚಕ್ರಗಳೂ ಏರುವುದರಿಂದ, ಚಕ್ರಗಳ ನಡುವಣ ಅಂತರ 2.4 ಮೀಟರ್ ಇರುವ ಕಾರಿನ ಹೊಟ್ಟೆಯ ಕಡೆಗೆ ಅದು ಚಾಚುವುದು ಸುಮಾರು 4 ಸೆಂಟಿಮೀಟರ್ ಮಾತ್ರ. ಆದರೆ ಹಳ್ಳಿಯ ಬಾಗಿಲಲ್ಲಿ ಒಂದೆರಡು ಅಡಿ ಅಗಲಕ್ಕೆ ಗುಪ್ಪೆಯಂತೆ ಕಟ್ಟಿದ ಉಬ್ಬು ತನ್ನ ಪೂರ್ಣ ಎತ್ತರದಷ್ಟೂ ಹೊಟ್ಟೆಗೆ ಎದುರಾಗುತ್ತದೆ. ನೆಲದಿಂದ 17 ಸೆಂಟಿಮೀಟರ್ ಎತ್ತರವಿರುವ ಕಾರನ್ನು 4 ಸೆಂಟಿಮೀಟರ್ ತಗ್ಗಿಸಿ, ಒಟ್ಟು 300 ಕಿಲೋಗ್ರಾಂ ತೂಗುವ ಐವರನ್ನು ಕೂರಿಸಿದರೆ, ಮೇಲೆ ಹೇಳಿದ ಬಿಗಿ ಸ್ಪ್ರಿಂಗುಗಳು ನಾಲ್ಕೂ ಕಡೆ ಇದ್ದರೂ ಇನ್ನೆರಡೂವರೆ ಸೆಂಟಿಮೀಟರ್ ಕುಗ್ಗುತ್ತವೆ. ಉಳಿಯುವುದು ಹತ್ತೂವರೆ. ಹನ್ನೆರಡು ಸೆಂಟಿಮೀಟರಿನ ಉಬ್ಬೊಂದು ಎಂಜಿನ್ನಿನ ಎಣ್ಣೆಯ ತೊಟ್ಟಿಯನ್ನೇ ಒಡೆಯಬಹುದು. ಸುಗ್ಗಿಯ ಕಾಲದಲ್ಲಿ ರಸ್ತೆಯೇ ಕಣವಾಗಿ, ರಾಗಿಯ ತೆನೆಯ ಅಂಚಿಗೆ ಕಲ್ಲುಗಳನ್ನಿಡುವ ನಮ್ಮ ಸೀಮೆಯಲ್ಲಿ ಇದು ಕೇವಲ ಊಹೆಯ ಮಾತಲ್ಲ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಚಕ್ರ ಮೇಲಕ್ಕೆ ಚಲಿಸಲು 8 ಸೆಂಟಿಮೀಟರ್ ಅವಕಾಶವಿದ್ದಲ್ಲಿ ಅರ್ಧವೇ ಉಳಿಯುತ್ತದೆ. ಹಳ್ಳ ಬಂದಾಗ ರಬ್ಬರಿನ ತಡೆಗೆ ಬಡಿದು ಪೆಟ್ಟು ಮೈಗೆ ತಾಗುತ್ತದೆ. ಚಕ್ರದ ಓರೆ ಬದಲಾಗಿ ಟೈರಿನ ಒಳಅಂಚು ಸವೆಯುತ್ತದೆ. ವೀಲ್ ಅಲೈನ್‌ಮೆಂಟನ್ನು ಮತ್ತೆ ಮಾಡಿಸಲೇಬೇಕು. ಒರಟು ರಸ್ತೆಯಲ್ಲಿ ಅತಿ ಬಿಗಿಯಾದ ಚಕ್ರ ಪುಟಿದು ನೆಲದ ಹಿಡಿತ ಬಿಟ್ಟರೆ, ಬ್ರೇಕು ಹಾಕಿದರೂ ಕಾರು ದೂರ ಹೋಗಿ ನಿಲ್ಲುತ್ತದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಂತಹ ಮಣ್ಣುಹಾದಿಯ ಸ್ಪರ್ಧೆಗಳಿಗೆ ಕಾರನ್ನು ಸಿದ್ಧಪಡಿಸುವವರು ಬಯಸುವುದು ತಗ್ಗಿದ ಮೈಯನ್ನಲ್ಲ, ಚಕ್ರದ ದೀರ್ಘ ಚಲನೆಯನ್ನು.

ಕಾನೂನನ್ನೂ ಮರೆಯಲಾಗದು. ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ನಿರ್ದೇಶನಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಯಾವ ಬದಲಾವಣೆಗೂ ಮುನ್ನ ಸಾರಿಗೆ ಕಚೇರಿಯನ್ನೂ ವಿಮಾ ಸಂಸ್ಥೆಯನ್ನೂ ಬರಹದಲ್ಲಿ ವಿಚಾರಿಸುವುದು ಕ್ಷೇಮ.

ಹಾಗಾದರೆ ಉತ್ತಮಗೊಳಿಸುವ ಮಾರ್ಗವಾವುದು? ಮೊದಲು ಹಳೆಯದನ್ನು ಪರೀಕ್ಷಿಸಬೇಕು. ಕಾರಿನ ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಮೇಲೆದ್ದು ಬೇಗನೆ ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರು ಸೋತಿದೆ. ಎಣ್ಣೆಯ ಜಿನುಗು, ಟೈರಿನಲ್ಲಿ ಅಲ್ಲಲ್ಲಿ ತಗ್ಗುದಿಣ್ಣೆಯ ಸವೆತ ಇವೂ ಲಕ್ಷಣಗಳೇ. ಆಗ ಕಾರಖಾನೆಯ ಎತ್ತರವನ್ನೇ ಉಳಿಸಿಕೊಂಡು, ಅದೇ ಮಾದರಿಗೆ ಒಪ್ಪುವ ಉತ್ತಮ ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಜೋಡಿಯಾಗಿ ಹಾಕಿಸಬೇಕು. ಸವೆದ ಬುಷ್ಷು, ರಬ್ಬರುಗಳನ್ನೂ ಜೊತೆಗೇ ಬದಲಿಸಬೇಕು. ಅದುಮಿದ ಸ್ಪ್ರಿಂಗಿನಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಶಕ್ತಿ ಅಡಗಿರುವುದರಿಂದ, ಅದನ್ನು ಹಿಡಿದಿಡುವ ಉಪಕರಣವಿರುವ ನುರಿತ ಮೆಕ್ಯಾನಿಕ್ಕನ ಹೊರತು ಬೇರೆಯವರು ಆ ಕಂಬವನ್ನು ಬಿಚ್ಚಕೂಡದು.

ಅಧ್ಯಾಪಕ ಮಿತ್ರರು ಹುಕ್‌ನ ನಿಯಮವನ್ನು ಬೋಧಿಸುವಾಗ ಶಾಲೆಯ ಅಂಗಳದಲ್ಲಿ ನಿಂತ ಕಾರನ್ನೇ ಪ್ರಯೋಗವಸ್ತುವಾಗಿ ಬಳಸಬಹುದು: ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರತಿ ಸಲವೂ ನೆಲದಿಂದ ಎತ್ತರವನ್ನು ಅಳೆಯಿಸಿದರೆ ಸಾಕು. ಹಾಗೆ ಅಳೆದು ಕಲಿತ ಮಗು ನಾಳೆ ಸ್ವಂತ ಕಾರು ಕೊಂಡಾಗ, ನೋಟದ ಅಂದಕ್ಕಿಂತ ತಾನು ನಿತ್ಯ ತುಳಿಯುವ ಹಾದಿಯನ್ನು ಮೊದಲು ನೋಡೀತು.