ಒಂದು ಗ್ರೇವಿ, ಹತ್ತು ಹೆಸರು

ಬಿ.ಸಿ.ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಹೋಟೆಲಿನಲ್ಲಿ ಕೂತು ಪನೀರ್ ಬಟರ್ ಮಸಾಲ, ಕಡಾಯಿ ಚಿಕನ್, ಮಿಕ್ಸ್ ವೆಜ್ ಮೂರನ್ನೂ ಒಟ್ಟಿಗೆ ಆರ್ಡರ್ ಮಾಡಿ. ಕಾಲು ಗಂಟೆಯಲ್ಲಿ ಮೂರೂ ಹಾಜರ್! ಮನೆಯಲ್ಲಿ ಒಂದು ಕೋರಿ ಗಸಿಗೇ ಮೆಣಸು ಹುರಿದು, ಕಾಯಿ ತುರಿದು, ಅರೆದು ಮುಗಿಸುವಾಗ ಮಧ್ಯಾಹ್ನವಾಗಿರುತ್ತದೆ. ಹೋಟೆಲಿನವರ ಒಳಗೆ ಬೆಳಗ್ಗೆಯೇ ಬೇಯಿಸಿಟ್ಟ ಗ್ರೇವಿ ಇರುತ್ತದೆ, ಗುಟ್ಟು ಅಷ್ಟೇ.

ಈ ಉಪಾಯ ಒಬ್ಬರ ತಲೆಯಿಂದ ಬಂದದ್ದಲ್ಲ. ಕೆಂಪು ಗ್ರೇವಿಯ ಜಾಡು ಪೇಶಾವರಕ್ಕೆ ಹೋಗುತ್ತದೆ. ಅಲ್ಲಿಂದ ವಿಭಜನೆಯ ಕಾಲಕ್ಕೆ ಬಂದ ಕುಂದನ್‌ಲಾಲ್ ಗುಜ್ರಾಲ್, ಕುಂದನ್‌ಲಾಲ್ ಜಗ್ಗಿ ಮತ್ತು ಜೊತೆಗಾರರು 1947ರಲ್ಲಿ ದಿಲ್ಲಿಯ ದರಿಯಾಗಂಜ್‌ನಲ್ಲಿ ಮೋತಿ ಮಹಲ್ ತೆರೆದರು. ತಂದೂರಿ ಕೋಳಿ ಒಣಗದಿರಲೆಂದು ಟೊಮೆಟೊ, ಬೆಣ್ಣೆ, ಕೆನೆಯ ಗ್ರೇವಿ ಹುಟ್ಟಿತು ಎನ್ನುತ್ತಾರೆ ಗುಜ್ರಾಲ್ ಕುಟುಂಬದವರು. ರಾತ್ರಿ ತಡವಾಗಿ ಗಿರಾಕಿಗಳು ಬಂದಾಗ, ಉಳಿದ ಅಷ್ಟಿಷ್ಟು ಕೋಳಿ ಸಾಲದೆ ಗ್ರೇವಿ ಮಾಡಿದ್ದು ಎನ್ನುವುದು ಜಗ್ಗಿ ಕಡೆಯ ಮಾತು. ಈ ಜಗಳ 2024ರಲ್ಲಿ ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಯಾರ ಮಾತು ನಂಬಿದರೂ ಮೂಲ ಮಾತ್ರ ಉಳಿದ ಕೋಳಿಯೇ.

ಬ್ರಿಟನ್ನಿನಲ್ಲಿ ಹೋಟೆಲಿಟ್ಟ ಸಿಲ್ಹೆಟ್ ಕಡೆಯ ಬಾಣಸಿಗರು ಇನ್ನೊಂದು ಹಾದಿ ಹಿಡಿದರು. ರಾಶಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬೇಯಿಸಿ ರುಬ್ಬಿದ ತೆಳು ರಸವೇ ಅವರ ಎಲ್ಲ ಕರಿಗೂ ತಳಪಾಯ. ಅಡುಗೆಮನೆಯೊಳಗೇ ಇದ್ದ ಈ ಗುಟ್ಟನ್ನು ಮನೆಗಳಿಗೆ ಮುಟ್ಟಿಸಿದ್ದು 1989ರಲ್ಲಿ ಬಂದ ಕ್ರಿಸ್ ಧಿಲ್ಲನ್ ಅವರ 'ದಿ ಕರಿ ಸೀಕ್ರೆಟ್'.

ನಮ್ಮವರಿಗೆ ಇದು ಯಾಕೆ ಹೊಳೆಯಲಿಲ್ಲ? ಕಾರಣ ತೆಂಗಿನಕಾಯಿ. ಕಾಯಿ ಅರೆದ ಮಸಾಲೆ ಕರಾವಳಿಯ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ-ಟೊಮೆಟೊ ಬಾಳುತ್ತದೆ. ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಹೆಸರಾದದ್ದೂ ಕಾಯಿಯಿಲ್ಲದ ಘೀ ರೋಸ್ಟಿನಿಂದಲೇ ಅನ್ನುವುದನ್ನು ಗಮನಿಸಿ. ಮುಂಬೈಗೆ ಹೋಗಿ ಹೋಟೆಲಿಟ್ಟ ನಮ್ಮ ಬಂಟರು ಇಡ್ಲಿ-ದೋಸೆಯ ಪಕ್ಕದಲ್ಲಿ ಪಂಜಾಬಿ ಐಟಂ ಬರೆಸಿದಾಗ ಈ ಗ್ರೇವಿಯೂ ಅವರ ಕೈವಶವಾಯಿತು.

ಮನೆಗೆ ಯಾವುದು ಹೊಂದುತ್ತದೆ? ಬಿಳಿ ಗ್ರೇವಿಗೆ ಗೇರುಬೀಜ ಬೇಕು. ಗುಡ್ಡದ ತುಂಬ ಗೇರುಮರ ಇರುವ ನಮ್ಮಲ್ಲೂ ಅದು ಅಗ್ಗವಲ್ಲ, ಜೊತೆಗೆ ಎರಡೇ ತುತ್ತಿಗೆ ಹೊಟ್ಟೆ ತುಂಬಿಸುತ್ತದೆ. ಕೆಂಪು ಗ್ರೇವಿ ಪನೀರಿಗೆ ಸರಿ, ಆದರೆ ಏನು ಹಾಕಿದರೂ ಟೊಮೆಟೊ ಹುಳಿಯೇ ಮುಂದೆ. ನನ್ನ ಓಟು ಈರುಳ್ಳಿ ಗ್ರೇವಿಗೆ.

ಈರುಳ್ಳಿಯನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಘಾಟು ಹೋಗಿ ಸಿಹಿ ಉಳಿಯುತ್ತದೆ. ಆದರೆ 100 ಡಿಗ್ರಿ ದಾಟದ ನೀರಿನಲ್ಲಿ ಅದು ಕೆಂಪಾಗದು. ಆ ಕೆಲಸ ಬಾಣಲೆಯದು. ಎಣ್ಣೆ ಚೆನ್ನಾಗಿ ಕಾದ ಮೇಲೆ ಮಸಾಲೆ ಪುಡಿ ಹಾಕಿ, ಅದು ಸೀಯುವ ಮೊದಲೇ ಒಂದು ಸೌಟು ಗ್ರೇವಿ ಸುರಿಯಿರಿ. ಚುರ್ರೆಂದು ಕುದಿದು ಅಂಚಿಗೆ ಕಂದು ಗೆರೆ ಹಿಡಿಯುತ್ತದೆ. ಅದನ್ನು ಕೆರೆದು ಒಳಗೆ ಸೇರಿಸಿ ಮತ್ತೊಂದು ಸೌಟು ಹಾಕಿ. ಎಣ್ಣೆ ಮೇಲೆ ಬಂದರೆ ಹೋಟೆಲ್ ರುಚಿ ಬಂತೆಂದೇ ಲೆಕ್ಕ. ಒಮ್ಮೆಗೇ ಎಲ್ಲ ಸುರಿದರೆ ಬರೀ ಬೇಯಿಸಿದ ಈರುಳ್ಳಿಯ ವಾಸನೆ.

ಭಾನುವಾರ ಒಂದು ಪಾತ್ರೆ ಮಾಡಿ, ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಡಿ. ಕೋರಿ ಗಸಿಗೆ ಮಾತ್ರ ಇದನ್ನು ಹಾಕಬೇಡಿ, ಅದಕ್ಕೆ ಕಾಯಿಯನ್ನೇ ಅರೆಯಿರಿ.