ಮಾಗಿ ಕಳೆದ ಮೇಲೆ ಮಡಕಶಿರದ ತೋಟಗಳು

ಶಿವರಾತ್ರಿ ಬಂತೆಂದರೆ ಚಳಿಯು ಶಿವಶಿವಾ ಎಂದು ಓಡಿಹೋಗುತ್ತದೆ ಎಂಬುದು ಹಳ್ಳಿಯ ಮಾತು. ಚಳಿಯೇನೋ ಹೋಗುತ್ತದೆ. ಆದರೆ ತೋಟದ ಯಜಮಾನನಿಗೆ ನಷ್ಟದ ಲೆಕ್ಕ ಸಿಗುವುದು ಅದು ಹೋದ ಮೇಲೆಯೇ. ಮಾಘ, ಫಾಲ್ಗುಣಗಳಲ್ಲಿ ಮಡಕಶಿರದ ಕಡೆಯ ಊರುಗಳಲ್ಲಿ ತಿರುಗಾಡಿದರೆ ಎಲೆ ಹಳದಿಯಾದ ಬಾಳೆ, ಗರಿಯ ತುದಿ ಒಣಗಿದ ಅಡಿಕೆ ಸಸಿ, ತೊಗಟೆ ಕಂದಿದ ನಿಂಬೆ ಗಿಡಗಳು ಅಲ್ಲಲ್ಲಿ ಕಾಣುತ್ತವೆ. ‘ಇಬ್ಬನಿ ಸುಟ್ಟುಬಿಟ್ಟಿತು ಮೇಷ್ಟ್ರೇ’ ಎಂಬ ಮಾತನ್ನು ಈ ಲೇಖಕನು ಎಷ್ಟೋ ಸಲ ಕೇಳಿದ್ದಾನೆ.

ಕಾಸರಗೋಡಿನ ಓದುಗರಿಗೆ ಈ ಸೀಮೆಯ ಪರಿಚಯ ಅಷ್ಟಾಗಿ ಇರಲಾರದು. ಮಡಕಶಿರವು ಮೂರು ಕಡೆ ಕರ್ನಾಟಕದಿಂದಲೇ ಸುತ್ತುವರಿದ ಆಂಧ್ರದ ನೆಲ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡ ಇವೆಲ್ಲ ಮನೆಮಾತು ಕನ್ನಡವಾಗಿರುವ ಊರುಗಳು. ನೊಳಂಬರು ಆಳಿದ ಹೇಮಾವತಿ, ಅಂದರೆ ಹಿಂದಿನ ಹೆಂಜೇರು, ಇಲ್ಲಿಯೇ ಇದೆ. ರಾಯದುರ್ಗದ ಕಥೆ ಬೇರೆ. ಅದು ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿದಾಗ ಆದೋನಿ, ಆಲೂರುಗಳ ಜೊತೆಗೆ ಇದು ಆಂಧ್ರದ ಪಾಲಾಯಿತು. 2022ರಲ್ಲಿ ಆಂಧ್ರದಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಎರಡು ಕಡೆಯೂ ಮಳೆಯ ಬಡತನ ಒಂದೇ. ಅವಿಭಕ್ತ ಅನಂತಪುರ ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು 550 ಮಿಲಿಮೀಟರು. ಮೂರು ಸಾವಿರಕ್ಕೂ ಮೇಲ್ಪಟ್ಟು ಮಳೆ ಕಾಣುವ ಕಾಸರಗೋಡಿನವರಿಗೆ ಇಂಥ ನೆಲದಲ್ಲಿ ಅಡಿಕೆ ಬೆಳೆಯುತ್ತಾರೆಂದರೆ ಸೋಜಿಗವೆನಿಸಬಹುದು. ಬೆಳೆಯುತ್ತಾರೆ, ಕೊಳವೆಬಾವಿಯನ್ನು ನಂಬಿ, ಸಾಲ ಮಾಡಿ ಬೆಳೆಯುತ್ತಾರೆ. ಆದ್ದರಿಂದಲೇ ಒಂದು ಸಸಿ ಸತ್ತರೂ ಮನೆಯ ಲೆಕ್ಕ ಏರುಪೇರಾಗುತ್ತದೆ.

ಇನ್ನು ಇಬ್ಬನಿ ಸುಡುವ ಮಾತಿಗೆ ಬರೋಣ. ಗಿಡದ ಒಳಗಿನ ನೀರು ಹೆಪ್ಪುಗಟ್ಟಿ ಎಲೆ ಕರಕಲಾಗುವ ನಿಜವಾದ ಹಿಮದ ಪೆಟ್ಟು ಬೀಳಬೇಕಾದರೆ ಎಲೆಯ ಮೇಲಿನ ಉಷ್ಣತೆ ಸೊನ್ನೆ ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ನೀಲಗಿರಿಯ ಉದಕಮಂಡಲದ ಕಡೆ ಇದು ಚಳಿಗಾಲದಲ್ಲಿ ನಡೆಯುವುದೇ. ಕೇರಳದ ಮುನ್ನಾರಿನಲ್ಲಿಯೂ 2019ರ ಜನವರಿಯಲ್ಲಿ ಹೀಗೆಯೇ ಆಗಿ ಚಹಾ ತೋಟಗಳು ಕಂದಿದ್ದವು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಟ್ಟದ ನೆತ್ತಿಗಿಂತ ಕಣಿವೆಯ ತಳದಲ್ಲಿ ಹೆಚ್ಚು ಗಿಡ ಸುಡುವುದು ಈ ಕಾರಣದಿಂದ.

ಮಡಕಶಿರದಲ್ಲಿ ಹಾಗಾಗುತ್ತದೆಯೇ? ಇಲ್ಲಿಗಿಂತ ಎತ್ತರದಲ್ಲಿರುವ ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣತೆಯೆಂದರೆ 1884ರ ಜನವರಿಯ 7.8 ಡಿಗ್ರಿ. ಅದೂ ಸೊನ್ನೆಗೆ ಬಹು ದೂರ. ಎಂದ ಮೇಲೆ ಅದಕ್ಕಿಂತ ತಗ್ಗಿನ ಮಡಕಶಿರ, ರಾಯದುರ್ಗಗಳಲ್ಲಿ ಗಿಡಗಳು ಹೆಪ್ಪುಗಟ್ಟಿ ಸತ್ತವು ಎನ್ನುವುದು ಹೊಂದುವುದಿಲ್ಲ. ಇಬ್ಬನಿಯ ಮೇಲೆ ನಾವು ಹೊರಿಸುವ ಅಪವಾದದಲ್ಲಿ ಹೆಚ್ಚಿನ ಪಾಲು ಬೇರೆಯವರದು.

ಚಳಿಗೆ ಏನೂ ಪಾಲಿಲ್ಲವೆಂದಲ್ಲ. ಬಾಳೆ, ಅಡಿಕೆ, ತೆಂಗು, ಪರಂಗಿ ಇವು ಸೆಕೆಯ ನಾಡಿನ ಗಿಡಗಳು. ಹೆಪ್ಪುಗಟ್ಟುವ ತನಕ ಕಾಯದೆ ಮೊದಲೇ ಮುದುಡುತ್ತವೆ. ಅಡಿಕೆಗೆ ಹದಿನಾಲ್ಕು ಡಿಗ್ರಿಯಿಂದ ಮೂವತ್ತಾರು ಡಿಗ್ರಿಯ ತನಕ ಹಿತವೆಂದು ತಿಳಿದವರು ಹೇಳುತ್ತಾರೆ. ಬಾಳೆಯಂತೂ ಹದಿನಾರು ಡಿಗ್ರಿಗಿಂತ ಕೆಳಗೆ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಚಳಿಯಲ್ಲಿ ಹೊರಡುವ ಗೊನೆ ಕೆಲವೊಮ್ಮೆ ಕತ್ತಿನಲ್ಲೇ ಸಿಕ್ಕಿಕೊಂಡು ಪೂರ್ತಿ ಹೊರಗೆ ಬರುವುದಿಲ್ಲ. ರೇಷ್ಮೆಯವರು ನಂಬಿರುವ ಹಿಪ್ಪುನೇರಳೆಯೂ ಮಾಗಿಯಲ್ಲಿ ನಿಧಾನವಾಗಿ ಚಿಗುರುತ್ತದೆ. ಆದರೆ ಇದೆಲ್ಲ ತಡೆ, ಸಾವಲ್ಲ. ಬಿಸಿಲು ಏರಿದಂತೆ ಇವು ಚೇತರಿಸಿಕೊಳ್ಳುತ್ತವೆ.

ಕೊಲ್ಲುವುದು ಮಧ್ಯಾಹ್ನದ ಬಿಸಿಲು. ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ಚಳಿಗಾಲದಲ್ಲಿ ಬಿಸಿಲೇ? ದಕ್ಷಿಣಾಯನದಲ್ಲಿ ಸೂರ್ಯನು ತೆಂಕಣಕ್ಕೆ ವಾಲಿರುವುದರಿಂದ ಮಧ್ಯಾಹ್ನದ ಮೇಲಿನ ಕಿರಣಗಳು ನೈಋತ್ಯ ದಿಕ್ಕಿನಿಂದ ಓರೆಯಾಗಿ ಬಂದು ತಲೆಯ ಮೇಲೆ ಬೀಳುವ ಬದಲು ಮರದ ಕಾಂಡಕ್ಕೇ ಹೊಡೆಯುತ್ತವೆ. ಆಕಾಶ ಶುಭ್ರ, ಗಾಳಿ ಒಣ. ಎಳೆಯ ಅಡಿಕೆಯ ಹಸಿರು ಕಾಂಡದ ಆ ಮಗ್ಗುಲು ಮೊದಲು ಹೊಂಬಣ್ಣಕ್ಕೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಸೀಳುತ್ತದೆ. ಸೀಳಿದಲ್ಲಿ ಶಿಲೀಂಧ್ರ ಹೊಗುತ್ತದೆ. ನಾಲ್ಕಾರು ವರ್ಷ ಬಿಟ್ಟು ಒಂದು ದಿನ ಗಾಳಿಗೆ ಮರ ಅದೇ ಜಾಗದಲ್ಲಿ ಮುರಿದು ಬೀಳುವಾಗ ಹಳೆಯ ಮಾಗಿಯ ನೆನಪು ಯಾರಿಗೂ ಇರುವುದಿಲ್ಲ. ಮರ ನೋಡುವವರು ನೈಋತ್ಯದ ಮಗ್ಗುಲನ್ನೂ ಈಶಾನ್ಯದ ಮಗ್ಗುಲನ್ನೂ ಹೋಲಿಸಿ ನೋಡಲಿ. ಹಿಮವಾಗಿದ್ದರೆ ಒಂದೇ ಮಗ್ಗುಲನ್ನು ಹೀಗೆ ಆರಿಸಿಕೊಳ್ಳುತ್ತಿರಲಿಲ್ಲ.

ರಾಯದುರ್ಗದ ಕಡೆ, ಮುಖ್ಯವಾಗಿ ಕಣೇಕಲ್ಲು, ಬೊಮ್ಮನಹಾಳಿನ ಸುತ್ತ, ಇನ್ನೊಂದು ತೊಡಕಿದೆ. ಹಗರಿಯ ಮರಳನ್ನು ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ ನೆಲ ಅದು. ಒಣ ಮರಳು ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಕಾವನ್ನು ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿಲ್ಲ. ಒದ್ದೆ ನೆಲ ಹಗಲಿನ ಕಾವನ್ನು ರಾತ್ರಿಗೆ ಉಳಿಸುತ್ತದೆ. ಹಾಗಾಗಿ ಮಾಗಿಯಲ್ಲಿ ‘ಚಳಿಯಲ್ಲವೇ, ನೀರು ಬೇಡ’ ಎಂದು ಮೋಟಾರು ನಿಲ್ಲಿಸುವ ಪದ್ಧತಿ ಎಳೆಗಿಡಗಳ ಪಾಲಿಗೆ ಎರಡು ರೀತಿಯಲ್ಲಿ ಕೆಟ್ಟದ್ದು. ರಾತ್ರಿಯ ತಂಪು ಹೆಚ್ಚಾಗುತ್ತದೆ, ಹಗಲಿನ ಒಣಗಾಳಿಗೆ ಎಲೆ ಕಳೆದುಕೊಂಡ ನೀರನ್ನು ಬೇರು ತುಂಬಿಕೊಡಲಾರದು. ಹೊಗೆ ಹಾಕಿ ಚಳಿ ಓಡಿಸುವವರೂ ಇದ್ದಾರೆ. ಅದರಿಂದ ಕಣ್ಣುರಿಯ ಹೊರತು ಹೆಚ್ಚಿನ ಪ್ರಯೋಜನವಿಲ್ಲ.

ಬೇಸರದ ಸಂಗತಿ ಮುಂದಿನದು. ಗಿಡ ಒಣಗಿದಂತೆ ಕಂಡ ಕೂಡಲೇ ಮಚ್ಚು ಹಿಡಿಯುವುದು ನಮ್ಮವರ ಸ್ವಭಾವ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಶಿವರಾತ್ರಿಯ ಮರುವಾರವೇ ಚೀನಿ ಗಿಡಗಳನ್ನು (ಮೂಸಂಬಿಗೆ ಇಲ್ಲಿಯ ಹೆಸರು) ಬುಡಸಮೇತ ಕೀಳಿಸಲು ಆಳು ಕರೆದಿದ್ದರು. ‘ಗೌಡ್ರೆ, ಯುಗಾದಿ ಕಳೆಯಲಿ, ಆಮೇಲೆ ನೋಡೋಣ’ ಎಂದು ಹೇಳಿ ಒಂದು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಬೇಕಾಯಿತು. ಒಳಗೆ ಹಸಿರಿತ್ತು. ಹಸಿರಿದ್ದರೆ ಜೀವವಿದೆ. ತುದಿ ಸತ್ತಿದ್ದರೂ ಕೆಳಗಿನ ಕಣ್ಣುಗಳು ಒಡೆಯುತ್ತವೆ. ಎಲ್ಲಿಯವರೆಗೆ ಸತ್ತಿದೆ ಎಂಬುದನ್ನು ಗಿಡವೇ ಚಿಗುರಿ ತೋರಿಸುತ್ತದೆ; ಆಗ ಸತ್ತ ಭಾಗವನ್ನಷ್ಟೇ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದರಾಯಿತು. ಅವಸರದಲ್ಲಿ ಕತ್ತರಿಸಿದರೆ ಬದುಕಿದ್ದ ಕೊಂಬೆಯೂ ಹೋಗುತ್ತದೆ, ನೆರಳಾಗಿದ್ದ ಒಣ ಎಲೆಯೂ ಹೋಗಿ ತೊಗಟೆಗೆ ನೇರ ಬಿಸಿಲು ಬೀಳುತ್ತದೆ. ಒಂದು ಎಚ್ಚರಿಕೆ: ಚೀನಿಯನ್ನು ಜಂಬೀರಿ ಮುಂತಾದ ಬೇರೆ ನಿಂಬೆಯ ಬುಡಕ್ಕೆ ಕಣ್ಣು ಕಟ್ಟಿ ಬೆಳೆಸಿರುತ್ತಾರೆ. ಕಸಿಗಂಟಿನ ಕೆಳಗಿನಿಂದ ಹೊರಟ ಚಿಗುರನ್ನು ಕಂಡು ಹಿಗ್ಗಬಾರದು. ಅದು ಚೀನಿಯಲ್ಲ.

ಎಲೆಯಿಲ್ಲದ ಗಿಡಕ್ಕೆ ಕನಿಕರದಿಂದ ನೀರು, ಯೂರಿಯಾ ಸುರಿಯುವುದೂ ತಪ್ಪೇ. ತಿನ್ನುವ ಬಾಯಿಯೇ ಇಲ್ಲದವನಿಗೆ ಊಟ ಬಡಿಸಿದಂತೆ. ಚಿಗುರು ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಅಡಿಕೆ, ತೆಂಗುಗಳಿಗೆ ಈ ಕಾಯುವ ನಿಯಮ ಅರ್ಧ ಮಾತ್ರ ಅನ್ವಯಿಸುತ್ತದೆ. ಅವುಗಳಿಗೆ ಬದಿಯ ಕಣ್ಣುಗಳಿಲ್ಲ. ಇಡೀ ಮರಕ್ಕೆ ನೆತ್ತಿಯ ಸುಳಿಯೊಂದೇ ಜೀವ. ಹೊರಗಿನ ಗರಿಗಳೆಲ್ಲ ಒಣಗಿದರೂ ನಡುವಿನ ಸುಳಿಯೆಲೆ ಹಸಿರಾಗಿ ಗಟ್ಟಿಯಾಗಿದ್ದರೆ ಸಸಿ ಬದುಕುತ್ತದೆ. ಮೆಲ್ಲನೆ ಎಳೆದಾಗ ಅದು ಕೊಳೆತ ವಾಸನೆಯೊಂದಿಗೆ ಕೈಗೆ ಬಂದರೆ ಮಳೆಗಾಲಕ್ಕೆ ಬೇರೆ ಸಸಿ ಹೊಂದಿಸುವುದೇ ಸರಿ.

ಇದಕ್ಕೆಲ್ಲ ಮುಂಜಾಗ್ರತೆ ಏನೆಂಬುದು ಕಾಸರಗೋಡಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾಗಿ 1970ರಲ್ಲಿ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದದ್ದು ಅಲ್ಲಿಯೇ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದು. ಸಾಲನ್ನು ನೇರ ಉತ್ತರ-ದಕ್ಷಿಣವಾಗಿ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ನೆಡುವುದು, ತೆಂಕಣ ಮತ್ತು ನೈಋತ್ಯದ ಅಂಚಿನಲ್ಲಿ ಬೇಗ ಬೆಳೆಯುವ ಮರಗಳ ಸಾಲು ಹಾಕುವುದು, ಎಳೆಸಸಿಗೆ ಬಾಳೆಯ ನೆರಳು ಕೊಡುವುದು, ಬಿಸಿಲು ಬೀಳುವ ಕಾಂಡಕ್ಕೆ ಸೋಗೆ ಅಥವಾ ಹಾಳೆ ಸುತ್ತುವುದು, ಇವು ನಿಮ್ಮಲ್ಲಿ ಮಕ್ಕಳಿಗೂ ತಿಳಿದ ವಿಚಾರ. ಇಲ್ಲಿಯ ಕನ್ನಡ ರೈತನಿಗೆ ಅದು ತಲುಪಿಲ್ಲ. ಅವನ ಕೈಗೆ ಬರುವ ಸಲಹಾಪತ್ರಗಳು ತೆಲುಗಿನಲ್ಲಿರುತ್ತವೆ. ಮಾತನಾಡುವಷ್ಟು ತೆಲುಗು ಅವನಿಗೆ ಬರುತ್ತದೆ, ಓದುವಷ್ಟು ಬರುವುದಿಲ್ಲ. ಮಲಯಾಳದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತ ನಿಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಒಂದು ತೆಲುಗು ಕರಪತ್ರವನ್ನು ಈಚೆಗೆ ತರಗತಿಯಲ್ಲಿ ಹುಡುಗರಿಂದಲೇ ಕನ್ನಡಕ್ಕೆ ಬರೆಸಿದೆನು. ನೈಋತ್ಯದ ಬಿಸಿಲಿನ ವಿಷಯ ಅದರಲ್ಲಿರಲಿಲ್ಲ. ಕಾಸರಗೋಡು ಅಥವಾ ವಿಟ್ಲದಿಂದ ಅಡಿಕೆಯ ಬಗ್ಗೆ ಬಂದ ಹಳೆಯ ಕನ್ನಡ ಕಿರುಹೊತ್ತಗೆಗಳು ಓದುಗರ ಮನೆಯ ಅಟ್ಟದಲ್ಲಿದ್ದರೆ ಪತ್ರಿಕೆಯ ಮೂಲಕ ಕಳುಹಿಸಿಕೊಟ್ಟಲ್ಲಿ, ಬರುವ ಮಾರ್ಗಶಿರಕ್ಕೆ ಮುಂಚೆ ಹುಡುಗರ ಕೈಯಲ್ಲಿ ಮನೆಮನೆಗೆ ಮುಟ್ಟಿಸಬಹುದು. ಅಷ್ಟರೊಳಗೆ ಸುಳಿ ಹಸಿರಿರುವ ಸಸಿಗಳ ನೈಋತ್ಯದ ಮಗ್ಗುಲಿಗೆ ಹಾಳೆ ಕಟ್ಟಿಸುವ ಕೆಲಸ ಬಾಕಿ ಇದೆ.