ಚಕ್ರದ ಮನೆಯಡಿ ಕಲ್ಲಾದ ನೀರು

2008ರ ಆಸುಪಾಸಿನಲ್ಲಿ ಅಮೆರಿಕದ ನಾರ್ತ್ ಡಕೋಟ ರಾಜ್ಯದ ವಿಲ್ಲಿಸ್ಟನ್ ಎಂಬ ಸಣ್ಣ ಊರಿಗೆ ಜನ ನುಗ್ಗತೊಡಗಿದರು. ಅಲ್ಲಿನ ಬಕ್ಕನ್ ಶಿಲಾಪದರದಿಂದ ತೈಲ ತೆಗೆಯುವ ಹೊಸ ವಿಧಾನ ಕೈಗೂಡಿತ್ತು. ಕೆಲಸವಿತ್ತು, ಕೈತುಂಬ ಸಂಬಳವಿತ್ತು, ಬಾಡಿಗೆಗೆ ಮನೆ ಮಾತ್ರ ಇರಲಿಲ್ಲ. 2010ರ ಜನಗಣತಿಯಲ್ಲಿ 14,716 ಇದ್ದ ಜನಸಂಖ್ಯೆ 2020ರಲ್ಲಿ 29,160ಕ್ಕೆ ಮುಟ್ಟಿತು. ಜೆಸ್ಸಿ ಮಾಸ್ ನಿರ್ದೇಶಿಸಿದ ‘ದಿ ಓವರ್‌ನೈಟರ್ಸ್’ (2014) ಸಾಕ್ಷ್ಯಚಿತ್ರ ನೋಡಿದವರಿಗೆ ಈ ಊರಿನ ಪಾಡು ಗೊತ್ತು. ಮಲಗಲು ಜಾಗ ಸಿಗದ ಕೆಲಸಗಾರರು ಚರ್ಚಿನ ನೆಲದ ಮೇಲೆ, ಅದರ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಕಳೆಯುತ್ತಿದ್ದರು. ಸ್ವಲ್ಪ ಅನುಕೂಲವಿದ್ದವರು ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ಎಳೆದುಕೊಂಡು ಬಂದರು. ಬೇಸಿಗೆಯಲ್ಲಿ ಕೆರೆ ದಂಡೆಗೆ ಹೋಗಿ ನಾಲ್ಕು ದಿನ ಇದ್ದು ಬರಲೆಂದು ಮಾಡಿದ ಗಾಡಿಗಳವು. ವಿಲ್ಲಿಸ್ಟನ್ನಿನ ಚಳಿಗಾಲದಲ್ಲಾದರೋ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು.

ಆರ್‌ವಿ ಎಂದು ಕರೆಯುವ ಈ ಚಕ್ರದ ಮನೆಗಳ ಹೊಟ್ಟೆಯಡಿ ಸಾಮಾನ್ಯವಾಗಿ ಮೂರು ಪ್ಲಾಸ್ಟಿಕ್ ಟ್ಯಾಂಕುಗಳಿರುತ್ತವೆ. ಒಂದು ಕುಡಿಯುವ, ಬಳಸುವ ನೀರಿಗೆ. ಇನ್ನೊಂದು ಅಡುಗೆಮನೆ, ಬಚ್ಚಲಿನ ನೀರಿಗೆ. ಅದು ಗ್ರೇ ಟ್ಯಾಂಕ್. ಮೂರನೆಯದು ಕಕ್ಕಸಿನದು, ಬ್ಲ್ಯಾಕ್ ಟ್ಯಾಂಕ್. ಮಧ್ಯಮ ಗಾತ್ರದ ಟ್ರೇಲರಿನಲ್ಲಿ ಒಂದೊಂದೂ ನೂರು, ನೂರೈವತ್ತು ಲೀಟರ್ ಹಿಡಿಯುತ್ತದೆ. ಮೂರನೆಯ ಟ್ಯಾಂಕು ಹೆಪ್ಪುಗಟ್ಟಿತೆಂದರೆ ಆ ಮನೆಯಲ್ಲಿ ಉಳಿಯುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನೂರು ಲೀಟರ್ ನೀರು ಒಂದೇ ರಾತ್ರಿಯಲ್ಲಿ ಪೂರ್ತಿ ಕಲ್ಲಾಗುವುದು ಅಪರೂಪ. ಮೊದಲು ಕೈಕೊಡುವುದು ಟ್ಯಾಂಕಿನಿಂದ ಹೊರಗೆ ಇಳಿಬಿದ್ದಿರುವ ಗೇಣುದ್ದದ ಪೈಪು, ಅದರ ತುದಿಯ ವಾಲ್ವ್. ಗಾಳಿಗೆ ಮೈಯೊಡ್ಡಿ ನಿಂತಿರುವ ಜಾಗ ಅದೇ. ವಾಲ್ವಿನ ಒಳಗಿರುವುದು ತೆಳುವಾದ ಒಂದು ತಗಡು. ಹಿಡಿಕೆ ಎಳೆದರೆ ಜಾರಿ ಪಕ್ಕಕ್ಕೆ ಸರಿಯುತ್ತದೆ. ಅದರ ಹಿಂದೆ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಆ ನೀರು ಗಟ್ಟಿಯಾದಾಗ ತಗಡು ಅಂಚಿನ ರಬ್ಬರಿಗೆ ಕಚ್ಚಿಕೊಳ್ಳುತ್ತದೆ. ಮುಂಜಾನೆ ಹಿಮದಲ್ಲಿ ಮೊಣಕಾಲೂರಿ ಕೂತವನು ಹಿಡಿಕೆ ಹಿಡಿದು ಎಳೆಯುತ್ತಾನೆ, ಅಲುಗುವುದಿಲ್ಲ. ಇನ್ನೊಮ್ಮೆ ಜೀವ ಬಿಟ್ಟು ಎಳೆದರೆ ಹಿಡಿಕೆಯೇ ಕಿತ್ತು ಕೈಗೆ ಬರುತ್ತದೆ, ಇಲ್ಲವೇ ರಬ್ಬರು ಹರಿಯುತ್ತದೆ. ಹರಿದದ್ದು ಆಗಲೇ ಗೊತ್ತಾಗುವುದಿಲ್ಲ. ಬಿಸಿಲು ಬಂದು ಗಡ್ಡೆ ಕರಗಿದ ದಿನ ಗೊತ್ತಾಗುತ್ತದೆ, ಮೂಗಿಗೂ ಗೊತ್ತಾಗುತ್ತದೆ.

ಒಳಗೆ ಬೆಚ್ಚಗಿದ್ದೂ ಕೆಳಗೆ ಕಲ್ಲಾಗುವುದೇಕೆ? ಇದರಲ್ಲೊಂದು ವಿಚಿತ್ರವಿದೆ. ಚಳಿಗೆಂದೇ ತಯಾರಿಸಿದ ಟ್ರೇಲರುಗಳಲ್ಲಿ ಟ್ಯಾಂಕುಗಳ ಕೆಳಗೆ ಒಂದು ಹೊದಿಕೆ ಹಾಕಿ, ಪ್ರೊಪೇನ್ ಗ್ಯಾಸಿನಿಂದ ಉರಿಯುವ ಫರ್ನೇಸಿನ ಬಿಸಿಗಾಳಿಯನ್ನು ಒಂದು ಕೊಳವೆಯಲ್ಲಿ ಆ ಜಾಗಕ್ಕೂ ಹರಿಸಿರುತ್ತಾರೆ. ಫರ್ನೇಸು ಓಡಿದಾಗಲೆಲ್ಲ ಟ್ಯಾಂಕಿಗೂ ಬಿಸಿ. ಆದರೆ ಗ್ಯಾಸಿಗೆ ದುಡ್ಡು ಕೊಡಬೇಕು. ಟ್ರೇಲರ್ ನಿಲ್ಲಿಸುವ ಕ್ಯಾಂಪಿನಲ್ಲಿ ಕರೆಂಟು ಎಷ್ಟೋ ಸಲ ಬಾಡಿಗೆಯಲ್ಲೇ ಸೇರಿರುತ್ತದೆ. ಹಾಗಾಗಿ ಜನ ಅಂಗಡಿಯಿಂದ ಸಣ್ಣ ವಿದ್ಯುತ್ ಹೀಟರ್ ತಂದು ಕೋಣೆಯಲ್ಲಿಡುತ್ತಾರೆ. ಕೋಣೆ ಬೆಚ್ಚಗಾಗುತ್ತದೆ. ಗೋಡೆಯ ಥರ್ಮೋಸ್ಟಾಟ್ ‘ಸಾಕಷ್ಟು ಬಿಸಿಯಿದೆ’ ಎಂದುಕೊಂಡು ಫರ್ನೇಸನ್ನು ಹೊತ್ತಿಸುವುದೇ ಇಲ್ಲ. ಮೇಲಿನವರು ಕಂಬಳಿ ಸರಿಸಿ ಹಾಯಾಗಿ ನಿದ್ದೆ ಮಾಡುವ ರಾತ್ರಿಯೇ ಕೆಳಗಿನ ಟ್ಯಾಂಕು ಗಡ್ಡೆ ಕಟ್ಟುತ್ತದೆ. ಉಳಿಸಿದ ಗ್ಯಾಸಿನ ದುಡ್ಡು ಹೊಸ ವಾಲ್ವಿಗೆ ಹೋಗುತ್ತದೆ.

ಮಂಜುಗಡ್ಡೆ ಕರಗಿಸುವುದು ಎಷ್ಟು ದುಬಾರಿ ಎಂಬ ಅಂದಾಜು ಬಹಳ ಮಂದಿಗಿಲ್ಲ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಗಡ್ಡೆ ಅದೇ ಸೊನ್ನೆ ಡಿಗ್ರಿಯ ನೀರಾಗಬೇಕಾದರೆ 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಆ ಒಂದು ಕಿಲೋ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. 150 ಲೀಟರ್ ನೀರು ಪೂರ್ತಿ ಗಡ್ಡೆಯಾಗಿದ್ದರೆ, ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 14 ಯೂನಿಟ್. ಟ್ಯಾಂಕಿನ ತಳಕ್ಕೆ ಅಂಟಿಸುವ ಹೀಟರ್ ಪ್ಯಾಡ್ 100 ವಾಟಿನದಾದರೆ, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಆ ಕೆಲಸಕ್ಕೆ ಆರು ದಿನ ಹಿಡಿಯುತ್ತದೆ. ಈ ಪ್ಯಾಡು ಗಡ್ಡೆ ಕಟ್ಟದಂತೆ ತಡೆಯುತ್ತದೆಯೇ ಹೊರತು ಕಟ್ಟಿದ ಗಡ್ಡೆಯನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಚಳಿ ಬೀಳುವ ಮುನ್ನವೇ ಸ್ವಿಚ್ ಒತ್ತಬೇಕು. ಬ್ಯಾಟರಿಯ ಮೇಲೆ ರಾತ್ರಿಯಿಡೀ ಓಡಿಸುತ್ತೇನೆ ಎಂಬುದೂ ಆಗದ ಮಾತು. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಹಾನಿಯಿಲ್ಲದೆ ತೆಗೆಯಬಹುದಾದದ್ದು ಅರ್ಧದಷ್ಟೇ. ಒಂದು ಪ್ಯಾಡಿಗೆ ಆರು ಗಂಟೆಯಲ್ಲಿ ಅದು ಮುಗಿಯುತ್ತದೆ. ಫರ್ನೇಸಿನ ಫ್ಯಾನಿಗೂ ಅದೇ ಬ್ಯಾಟರಿ ಬೇಕು.

ಗಡ್ಡೆ ವಾಲ್ವಿನಲ್ಲಿ ಮಾತ್ರವೇ, ಇಡೀ ಟ್ಯಾಂಕಿನಲ್ಲೇ ಎಂದು ಮೊದಲು ನೋಡಿಕೊಳ್ಳಬೇಕು. ವಾಲ್ವಿನಲ್ಲಷ್ಟೇ ಇದ್ದರೆ ಕೂದಲು ಒಣಗಿಸುವ ಡ್ರೈಯರ್ ಸಾಕು. ಪೈಪಿನ ಸುತ್ತ ಟಾರ್ಪಾಲು ಇಳಿಬಿಟ್ಟು, ಬಿಸಿಗಾಳಿ ಹೊರಗೆ ಹೋಗದಂತೆ ಮಾಡಿ, ತಾಳ್ಮೆಯಿಂದ ಹಿಡಿಯಬೇಕು; ಕೆಳಗೊಂದು ಬಕೆಟ್ ಇಟ್ಟಿರಬೇಕು. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯುವವರೂ ಇದ್ದಾರೆ. ಪ್ಲಾಸ್ಟಿಕ್ ಪೈಪಿಗೆ, ಮರದ ಚೌಕಟ್ಟಿನ ಕೆಳಗೆ, ಪ್ರೊಪೇನ್ ಸಿಲಿಂಡರಿನ ಮಗ್ಗುಲಲ್ಲಿ ಬೆಂಕಿ ಹಿಡಿಯುವುದು ಎಂಥ ಧೈರ್ಯವೋ ನಾನರಿಯೆ. ಕಮೋಡಿಗೆ ಕುದಿಯುವ ನೀರು ಸುರಿಯುವುದೂ ಬೇಡ, ಬೆಚ್ಚಗಿನ ನೀರಾದರೆ ಸರಿ. ಇಡೀ ಟ್ಯಾಂಕು ಕಲ್ಲಾಗಿದ್ದರೆ ಗಾಡಿಯನ್ನು ಬಿಸಿಯಿರುವ ಗ್ಯಾರೇಜಿಗೆ ಎಳೆದು ನಿಲ್ಲಿಸುವುದೇ ಮರ್ಯಾದೆಯ ದಾರಿ.

ಚಳಿಗಾಲವನ್ನು ಟ್ರೇಲರಿನಲ್ಲೇ ಕಳೆಯುವವರು ನೆಲಕ್ಕೂ ಗಾಡಿಯ ಅಂಚಿಗೂ ನಡುವಿನ ತೆರಪನ್ನು ಸುತ್ತಲೂ ಮುಚ್ಚುತ್ತಾರೆ. ದಪ್ಪ ಫೋಮ್ ಹಲಗೆ, ಪ್ಲೈವುಡ್, ವಿನೈಲ್ ಪರದೆ, ಏನೂ ಇಲ್ಲದವರು ಹಿಮವನ್ನೇ ಸಲಿಕೆಯಲ್ಲಿ ಎತ್ತಿ ಒಡ್ಡು ಹಾಕುವುದೂ ಉಂಟು. ಬೀಸುಗಾಳಿ ಒಳನುಗ್ಗದಿದ್ದರೆ ಅರ್ಧ ಗೆದ್ದಂತೆ. ಹೊಸಬರು ಮಾಡುವ ಎಡವಟ್ಟು ಇನ್ನೊಂದಿದೆ. ಪದೇಪದೇ ಹೊರಗೆ ಹೋಗುವ ಕಷ್ಟವೇಕೆಂದು ಗ್ರೇ ಟ್ಯಾಂಕಿನ ವಾಲ್ವನ್ನು ತೆರೆದೇ ಬಿಡುತ್ತಾರೆ. ಪಾತ್ರೆ ತೊಳೆದ ನೀರು ಸಣ್ಣಗೆ ಹರಿದು ಟ್ಯಾಂಕಿನಿಂದ ಚರಂಡಿಗೆ ಜೋಡಿಸಿದ ಹೋಸಿನಲ್ಲಿ ಪದರ ಪದರವಾಗಿ ಹೆಪ್ಪುಗಟ್ಟುತ್ತದೆ, ಎರಡು ದಿನದಲ್ಲಿ ಹೋಸು ಕಟ್ಟಿಕೊಳ್ಳುತ್ತದೆ. ವಾಲ್ವ್ ಮುಚ್ಚಿಟ್ಟು, ಟ್ಯಾಂಕು ಸಾಕಷ್ಟು ತುಂಬಿದಾಗ ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆಗೇ ಖಾಲಿ ಮಾಡಬೇಕು.

ಚಳಿಯೇ ಬೇಡವೆಂದು ದಕ್ಷಿಣಕ್ಕೆ ಗಾಡಿ ಓಡಿಸಿಬಿಡುವ ಹಿರಿಯರೂ ಇದ್ದಾರೆ. ಸ್ನೋಬರ್ಡ್ ಎಂಬ ಹೆಸರು ಪಡೆದ ಈ ಹಿರಿಯರು ಅರಿಜೋನಾದ ಕ್ವಾರ್ಟ್ಜ್‌ಸೈಟ್ ಮರುಭೂಮಿಯಲ್ಲೋ ಟೆಕ್ಸಾಸಿನ ದಕ್ಷಿಣ ತುದಿಯಲ್ಲೋ ಏಪ್ರಿಲಿನವರೆಗೆ ಬಿಡಾರ ಹೂಡುತ್ತಾರೆ. ಆದರೆ 2021ರ ಫೆಬ್ರುವರಿಯಲ್ಲಿ ಟೆಕ್ಸಾಸನ್ನೇ ಚಳಿ ಹುಡುಕಿಕೊಂಡು ಬಂತು. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಕೆಳಗಿಳಿಯಿತು, ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು. ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಮನೆಯ ಅಟ್ಟದ ಪೈಪುಗಳ ಚಿಂತೆ ಹತ್ತಿದ ವಾರ ಅದು. ಪ್ಲಗ್ಗನ್ನೇ ನಂಬಿದ್ದ ಆರ್‌ವಿಗಳಿಗೆ ಟ್ಯಾಂಕ್ ಪ್ಯಾಡೂ ಇಲ್ಲ, ಹೀಟರೂ ಇಲ್ಲ.

ನೀರೇ ಇಲ್ಲದಿದ್ದರೆ ಹೆಪ್ಪುಗಟ್ಟುವುದೇನು? ಲಡಾಖಿನ ಹಳ್ಳಿಗಳ ಒಣ ಕಕ್ಕಸುಗಳ ಹಿಂದಿರುವುದು ಇದೇ ಲೆಕ್ಕ. ಮಣ್ಣು, ಬೂದಿ ಹಾಕಿದರೆ ಮುಗಿಯಿತು, ಮುಂದೆ ಅದು ಹೊಲಕ್ಕೆ ಗೊಬ್ಬರ. ಅಮೆರಿಕದಲ್ಲೂ ವ್ಯಾನಿನಲ್ಲಿ ವಾಸಿಸುವ ಹಲವರು ಬ್ಲ್ಯಾಕ್ ಟ್ಯಾಂಕನ್ನು ಕಿತ್ತೆಸೆದು ಒಣ ಕಮೋಡಿಗೆ ಬಂದಿದ್ದಾರೆ. ಬುದ್ಧಿವಂತಿಕೆಯೆಂದರೆ ಅದೇ ಎಂದು ನನಗನ್ನಿಸುತ್ತದೆ.

ಬಾಡಿಗೆ ಗಾಡಿ ತೆಗೆದುಕೊಳ್ಳುವವರಿಗೆ ಆ ಆಯ್ಕೆಯಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕ್ರಿಸ್‌ಮಸ್ ರಜೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವ ಕನ್ನಡ ಕುಟುಂಬಗಳು ಅರಿಜೋನಾ ಎಂದರೆ ಸೆಕೆಯ ನಾಡು ಎಂದುಕೊಂಡಿರುತ್ತವೆ. ಕಣಿವೆಯ ದಕ್ಷಿಣದ ಅಂಚು ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ಡಿಸೆಂಬರಿನ ರಾತ್ರಿ ಅಲ್ಲಿ ನೀರು ಗಟ್ಟಿಯಾಗಿಯೇ ತೀರುತ್ತದೆ. ಚಳಿಗಾಲದಲ್ಲಿ ಬಾಡಿಗೆಗೆ ಕೊಡುವ ಕೆಲವರು ಗಾಡಿಯನ್ನು ನೀರು ಬಸಿದು, ಪೈಪುಗಳಿಗೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ಹಾಯಿಸಿಯೇ ಕೊಡುತ್ತಾರೆ; ನಲ್ಲಿ ತಿರುಗಿಸುವಂತಿಲ್ಲ, ಕಮೋಡಿಗೂ ಅದೇ ದ್ರವ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಇದರ ಬದಲಿಗೆ ಬಳಸಬಾರದು. ನೀರು ಬಳಸಲು ಬಿಟ್ಟರೆ ಇನ್ನೊಂದು ಮಾತು. ನಮ್ಮವರ ಚೊಂಬಿನ ಅಭ್ಯಾಸಕ್ಕೆ ಬ್ಲ್ಯಾಕ್ ಟ್ಯಾಂಕು ಬೇಗ ತುಂಬುತ್ತದೆ, ಚಳಿಗಾಲದಲ್ಲಿ ಅದನ್ನು ಖಾಲಿ ಮಾಡುವ ಡಂಪ್ ಸ್ಟೇಷನ್‌ಗಳು ಹಲವೆಡೆ ಬೀಗ ಹಾಕಿರುತ್ತವೆ. ತೆರೆದಿರುವ ಸ್ಟೇಷನ್ ಎಲ್ಲಿದೆ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು.